ಉಪಾಧ್ಯಾಯನಿಗೆ ದೈವತ್ವವೇಕೆ?

ಒಳ್ಳೆಯ ಉಪಾಧ್ಯಾಯನ ಲಕ್ಷಣಗಳೇನೆಂದು ನಮ್ಮ ನಾಡಿನಲ್ಲಿ ಯಾರನ್ನು ಕೇಳಿದರೂ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ. ಆತನು ಸಹನಶೀಲನಾಗಿರಬೇಕು; ಮಕ್ಕಳಲ್ಲಿ ಆತನಿಗೆ ಮಾತೃಸದೃಶವಾದ ವಾತ್ಸಲ್ಯವಿರಬೇಕು; ಹಣಕಾಸಿನಲ್ಲಿ ನಿಸ್ಪೃಹತೆ, ನಡೆನುಡಿಗಳಲ್ಲಿ ಶುಚಿತ್ವ, ಮಾತಿನಲ್ಲಿ ಮಾಧುರ್ಯ ಇರಬೇಕು; ತನ್ನ ಉದ್ಯೋಗವನ್ನು ಉದ್ಯೋಗವೆಂದೆಣಿಸದೆ ತಪಸ್ಸೆಂದೆಣಿಸಬೇಕು; ತಾನು ಕರಗಿ ಪರರಿಗೆ ಬೆಳಕಾಗಬೇಕು. 1962ರಿಂದ ಈಚೆಗೆ ಪ್ರತಿವರ್ಷವೂ ಸೆಪ್ಟೆಂಬರ್ 5ರಂದು ತಾಲ್ಲೂಕು ಕೇಂದ್ರಗಳ ಸಭಾಭವನಗಳಲ್ಲಿ ಶಾಲು ಹೊದಿಸಿ, ಹಾರ ಹಾಕಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿಯನ್ನು ಕೈಗಿತ್ತು ಮಾಡುವ ಭಾಷಣಗಳನ್ನು ಕೇಳಿರುವವರಿಗೆ ಈ ಪಟ್ಟಿ ಕಂಠಪಾಠವಾಗಿರಲೇಬೇಕು. ಗುರುವನ್ನು ತ್ರಿಮೂರ್ತಿಗಳಿಗೆ ಸಮೀಕರಿಸುವ ಶ್ಲೋಕದಿಂದ ಆರಂಭವಾಗಿ ರಾಷ್ಟ್ರನಿರ್ಮಾಪಕನೆಂಬ ಬಿರುದಿನಲ್ಲಿ ಪರ್ಯವಸಾನಗೊಳ್ಳುವ ಆ ಸ್ತುತಿಯ ನಡುವೆ, ಆತನಿಗೆ ಪಾಠ ಹೇಳಲು ಬರಬೇಕೆಂಬ ಒಂದು ಮಾತು ಮಾತ್ರ ಎಲ್ಲಿಯೂ ಬಾರದೆ ಸಭೆ ಮುಗಿಯುತ್ತದೆ.

ಅದು ಮರೆವಿನಿಂದಾದ ಲೋಪವೆಂದು ನಾನು ತಿಳಿದಿಲ್ಲ. ಉಪಾಧ್ಯಾಯನನ್ನು ಕುರಿತ ನಮ್ಮ ಕಲ್ಪನೆಯ ಮೂಲದಲ್ಲಿಯೇ ಇರುವ ದೋಷ ಅದು. ಮತ್ತು ಆ ಕಲ್ಪನೆ ಎಷ್ಟು ಮಧುರವಾಗಿದೆಯೋ ಅಷ್ಟೇ ಹಾನಿಕರವೂ ಆಗಿದೆ.

ಲಕ್ಷಣ ಹೇಳುವುದಕ್ಕೂ ನಮ್ಮಲ್ಲಿ ಒಂದು ಶಾಸ್ತ್ರವಿದೆ. ವಸ್ತುವಿನ ಅಸಾಧಾರಣ ಧರ್ಮವೇ ಅದರ ಲಕ್ಷಣವೆಂದು ನೈಯಾಯಿಕರು ಹೇಳಿ, ಅದಕ್ಕೆ ತಟ್ಟಬಹುದಾದ ಮೂರು ದೋಷಗಳನ್ನು ಎಣಿಸಿದ್ದಾರೆ. ಕೊಂಬುಳ್ಳದ್ದೇ ಹಸು ಎಂದರೆ ಅದು ಎಮ್ಮೆಗೂ ಸಂದು ಅತಿವ್ಯಾಪ್ತಿಯಾಗುತ್ತದೆ. ಕಪಿಲವರ್ಣದ್ದೇ ಹಸು ಎಂದರೆ ಬಿಳಿಯ ಹಸು ಹೊರಗುಳಿದು ಅವ್ಯಾಪ್ತಿಯಾಗುತ್ತದೆ. ಒಂದೇ ಗೊರಸುಳ್ಳದ್ದು ಹಸು ಎಂದರೆ ಅಂಥ ಹಸು ಲೋಕದಲ್ಲಿಯೇ ಇಲ್ಲವಾಗಿ ಅಸಂಭವವಾಗುತ್ತದೆ. ನಮ್ಮ ಸಭಾಭೂಷಣರು ಉಪಾಧ್ಯಾಯನಿಗೆ ಹೇಳುವ ಲಕ್ಷಣಾವಳಿಯಲ್ಲಿ ಈ ಮೂರು ದೋಷಗಳೂ ಏಕತ್ರ ನೆಲಸಿರುವುದು ಒಂದು ಕೌತುಕ. ಸಹನೆ, ವಾತ್ಸಲ್ಯ, ಶುಚಿತ್ವಗಳು ಆಸ್ಪತ್ರೆಯ ದಾದಿಗೂ ಬೇಕು, ಮಠದ ಸ್ವಾಮಿಗಳಿಗೂ ಬೇಕು, ಅವಿಭಕ್ತ ಕುಟುಂಬದ ಹಿರಿಯ ಸೊಸೆಗಂತೂ ಬೇಕೇ ಬೇಕು. ಆದುದರಿಂದ ಅವು ಉಪಾಧ್ಯಾಯನಿಗೇ ಮೀಸಲಾದ ಲಕ್ಷಣಗಳಲ್ಲ. ಸಿಡುಕಿನ ಸ್ವಭಾವದವರಾಗಿ, ಮಿತಭಾಷಿಗಳಾಗಿ, ಮಕ್ಕಳನ್ನು ಮುದ್ದಿಸುವುದಿರಲಿ ಕಣ್ಣೆತ್ತಿ ನಗುವುದೂ ಅಪರೂಪವಾಗಿದ್ದು, ತರಗತಿಯಲ್ಲಿ ನಿಂತು ತ್ರೈರಾಶಿಯನ್ನೋ ಛಂದಸ್ಸನ್ನೋ ಹೇಳತೊಡಗಿದರೆ ಕೊನೆಯ ಮಣೆಯ ಹುಡುಗನಿಗೂ ಬೆಳಕು ಹರಿಯುವಂತೆ ಮಾಡುತ್ತಿದ್ದ ಮೇಷ್ಟರನ್ನು ಕಂಡವರು ಅನೇಕರಿದ್ದಾರೆ. ಅವರು ಈ ಪಟ್ಟಿಯಿಂದ ಹೊರಗುಳಿದರು. ಇನ್ನು ಈ ಗುಣಗಳೆಲ್ಲವೂ ಸೇರಿರುವ ಮನುಷ್ಯರನ್ನು ತಾಲ್ಲೂಕಿಗೆ ಐನೂರು ಜನದಂತೆ ನೇಮಕಮಾಡಿಕೊಳ್ಳುವುದು ಯಾವ ಸರಕಾರಕ್ಕೂ ಸಾಧ್ಯವಲ್ಲ.

ಈ ಗೊಂದಲ ಎಲ್ಲಿಂದ ಬಂತೆಂಬುದನ್ನು ಊಹಿಸುವುದು ಕಷ್ಟವಲ್ಲ. ಮೋಕ್ಷಮಾರ್ಗದ ಗುರುವನ್ನು ಕುರಿತು ನಮ್ಮ ಶಾಸ್ತ್ರಗಳೂ ದಾಸರ ಪದಗಳೂ ಶರಣರ ವಚನಗಳೂ ಆಡಿದ ಮಾತುಗಳನ್ನು ನಾವು ಯಥಾವತ್ತಾಗಿ ತಂದು ಮೂರನೆಯ ತರಗತಿಯ ಗಣಿತದ ಮೇಷ್ಟರ ಹೆಗಲ ಮೇಲೆ ಹೊರಿಸಿದ್ದೇವೆ. ಮೋಕ್ಷಗುರುವಿನ ಬಳಿಗೆ ಬರುವವನು ಸಂಸಾರದಲ್ಲಿ ಬೆಂದು, ತಾನಾಗಿ ಅರಸಿ, ಶರಣಾಗತನಾಗಿ ಬರುತ್ತಾನೆ. ಶಾಲೆಗೆ ಬರುವ ಮಗು ಏಳನೆಯ ವರ್ಷದಲ್ಲಿ, ತಾಯಿ ಬೆನ್ನಿಗೊಂದು ಗುದ್ದಿ ಕಳಿಸಿದುದರಿಂದ ಬರುತ್ತದೆ. ಅಲ್ಲಿ ಗುರುವಾಕ್ಯವನ್ನು ಪ್ರಶ್ನಿಸದಿರುವುದು ಸಾಧನೆಯ ಅಂಗವಾಗಿರಬಹುದು. ಇಲ್ಲಿ ಏಳೆಂಟಲೆ ಐವತ್ನಾಲ್ಕು ಎಂದು ಮೇಷ್ಟರು ಬಾಯಿತಪ್ಪಿ ಹೇಳಿದಾಗ “ಅಲ್ಲ ಸಾರ್, ಐವತ್ತಾರು” ಎನ್ನುವ ಧೈರ್ಯ ಮಗುವಿಗೆ ಬಾರದಿದ್ದರೆ ವಿದ್ಯಾಭ್ಯಾಸವೇ ನಡೆದಿಲ್ಲವೆಂದು ತಿಳಿಯಬೇಕು. ಗುರುವಿನ ಗುಲಾಮನಾದರೆ ಮುಕ್ತಿ ದೊರೆಯುವುದೋ ಇಲ್ಲವೋ, ಗುಣಾಕಾರವಂತೂ ದೊರೆಯುವುದಿಲ್ಲ.

ಸೋಜಿಗವೆಂದರೆ, ಪ್ರಾಚೀನರ ಹೆಸರಿನಲ್ಲಿ ನಡೆಯುವ ಈ ಪೂಜೆಗೆ ಪ್ರಾಚೀನರ ಸಮ್ಮತಿಯೇ ಇಲ್ಲ. ಪ್ರಶ್ನೋಪನಿಷತ್ತಿನಲ್ಲಿ ಆರು ಮಂದಿ ಜಿಜ್ಞಾಸುಗಳು ಸಮಿತ್ಪಾಣಿಗಳಾಗಿ ಪಿಪ್ಪಲಾದನ ಬಳಿಗೆ ಬಂದಾಗ ಆತನು ಒಂದು ವರ್ಷ ತನ್ನೊಡನಿದ್ದು ಆಮೇಲೆ ಇಷ್ಟಬಂದ ಪ್ರಶ್ನೆ ಕೇಳಿರೆಂದು ಹೇಳಿ, ತನಗೆ ತಿಳಿದಿದ್ದ ಪಕ್ಷದಲ್ಲಿ ಎಲ್ಲವನ್ನೂ ಹೇಳುವೆನೆಂದು ಸೇರಿಸುತ್ತಾನೆ. ಆ ‘ತಿಳಿದಿದ್ದ ಪಕ್ಷದಲ್ಲಿ’ ಎಂಬ ನಿಬಂಧನೆಯನ್ನು ಮಹರ್ಷಿಯೇ ಹಾಕಿಕೊಂಡಿರುವಾಗ, ಹತ್ತು ವರ್ಷದ ಹಿಂದಿನ ಟಿಪ್ಪಣಿಯನ್ನು ಓದಿ ಬರೆಸುವವನಿಗೆ ಸರ್ವಜ್ಞತ್ವವನ್ನು ಆರೋಪಿಸುವುದು ಯಾವ ನ್ಯಾಯ? ಛಾಂದೋಗ್ಯದ ಶ್ವೇತಕೇತುವಿನ ಕಥೆ ಇದಕ್ಕಿಂತ ತೀಕ್ಷ್ಣವಾದುದು. ಹನ್ನೆರಡನೆಯ ವಯಸ್ಸಿನಲ್ಲಿ ಗುರುಕುಲಕ್ಕೆ ಹೋಗಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಸಮಸ್ತ ವೇದಗಳನ್ನೂ ಅಧ್ಯಯನಮಾಡಿ, ಅದರೊಡನೆ ಅಹಂಕಾರವನ್ನೂ ಸಂಪಾದಿಸಿ ಮನೆಗೆ ಬಂದ ಮಗನನ್ನು ತಂದೆಯಾದ ಉದ್ದಾಲಕನು ಒಂದೇ ಪ್ರಶ್ನೆಯಿಂದ ನಿರುತ್ತರನನ್ನಾಗಿಸುತ್ತಾನೆ; ಆಗ ಮಗ, ತನ್ನ ಪೂಜ್ಯ ಗುರುಗಳಿಗೆ ಅದು ತಿಳಿದಿರಲಿಕ್ಕಿಲ್ಲ, ತಿಳಿದಿದ್ದರೆ ತನಗೇಕೆ ಹೇಳುತ್ತಿರಲಿಲ್ಲ ಎನ್ನುತ್ತಾನೆ. ಗುರುಗಳಿಗೆ ತಿಳಿಯದ ವಿಷಯವೂ ಉಂಟೆಂದು ಶಿಷ್ಯನು ಗೌರವಕ್ಕೆ ಲೋಪವಿಲ್ಲದಂತೆ, ಮುಚ್ಚುಮರೆಯಿಲ್ಲದೆ ಹೇಳುವ ಈ ಮಾತು ಉಪನಿಷತ್ತಿನಲ್ಲಿಯೇ ಇದೆ.

ಅನಂತರ ಉದ್ದಾಲಕನು ಪಾಠ ಹೇಳುವ ಬಗೆಯನ್ನು ನೋಡಬೇಕು. ಮನಸ್ಸು ಅನ್ನಮಯವೆಂದು ಹೇಳಿ ಅಷ್ಟಕ್ಕೇ ಬಿಡುವುದಿಲ್ಲ. ಹದಿನೈದು ದಿನ ಉಣ್ಣದೆ ಬರಿಯ ನೀರು ಕುಡಿದಿರೆಂದು ಮಗನಿಗೆ ಹೇಳಿ, ಆಮೇಲೆ ವೇದವನ್ನು ಹೇಳೆನ್ನುತ್ತಾನೆ. ಹನ್ನೆರಡು ವರ್ಷ ಕಲಿತದ್ದೊಂದೂ ನೆನಪಿಗೆ ಬರುವುದಿಲ್ಲ. ಹೋಗಿ ಉಂಡು ಬಾ ಎನ್ನುತ್ತಾನೆ. ಉಂಡು ಬಂದಮೇಲೆ ಎಲ್ಲವೂ ಬರುತ್ತದೆ. (ಶಾಲೆಯಲ್ಲಿ ಬಿಸಿಯೂಟ ಏತಕ್ಕೆ, ಅದು ಓದಿಗೆ ಅಡ್ಡಿ ಎಂದು ಗೊಣಗುವ ವೇದಾಭಿಮಾನಿಗಳು ಈ ಖಂಡವನ್ನೊಮ್ಮೆ ತೆರೆದು ನೋಡಬಹುದು.) ಇನ್ನೊಂದು ರಾತ್ರಿ ನೀರಿನಲ್ಲಿ ಉಪ್ಪು ಹಾಕಿಡಿಸಿ, ಬೆಳಗ್ಗೆ ಆ ಉಪ್ಪನ್ನು ತಾ ಎನ್ನುತ್ತಾನೆ, ಹುಡುಗ ತಡವಿದರೂ ಸಿಕ್ಕುವುದಿಲ್ಲ, ಮೇಲಿನಿಂದ ಒಂದು ಗುಟುಕು, ನಡುವಿನಿಂದ ಒಂದು, ತಳದಿಂದ ಒಂದು ಕುಡಿಸಿ ಹೇಗಿದೆಯೆಂದು ಮೂರು ಸಲವೂ ಕೇಳುತ್ತಾನೆ. ಕಣ್ಣಿಗೆ ಕಾಣದ್ದು ಎಲ್ಲೆಡೆಯೂ ಇರಬಹುದೆಂಬ ತತ್ತ್ವವನ್ನು ಹುಡುಗನ ನಾಲಗೆಯೇ ಸಿದ್ಧಾಂತಪಡಿಸಿದ ಮೇಲಲ್ಲದೆ ತಾನು ಬಾಯಿಬಿಟ್ಟು ಹೇಳುವುದಿಲ್ಲ. ಈ ಪ್ರಕರಣದಲ್ಲಿ ಉದ್ದಾಲಕನ ಸಹನೆಯನ್ನಾಗಲಿ ತ್ಯಾಗವನ್ನಾಗಲಿ ಉಪನಿಷತ್ತು ಹೊಗಳಿಲ್ಲ. ಅದು ತೋರಿಸಿರುವುದು ಆತನ ಉಪಾಯವನ್ನು: ಯಾವುದನ್ನು ಮೊದಲು ಕೇಳಬೇಕು, ಯಾವುದನ್ನು ಮಗು ತಾನೇ ಕಾಣುವಂತೆ ಬಿಡಬೇಕು, ಯಾವ ಗಳಿಗೆಯಲ್ಲಿ ಮಾತನಾಡಬೇಕು ಎಂಬ ವಿವೇಕವನ್ನು.

ಇದಕ್ಕೆ ಪ್ರತಿಯಾಗಿ ನಮ್ಮ ಭಾಷಣಕಾರರಿಗೆ ಪ್ರಿಯನಾದ ದ್ರೋಣನನ್ನು ತೆಗೆದುಕೊಳ್ಳಿ. ಏಕಲವ್ಯನ ಹೆಬ್ಬೆರಳಿನ ವಿಷಯವನ್ನು ಈಗ ಎಲ್ಲರೂ ಬಲ್ಲರು, ಅದನ್ನು ಮತ್ತೆ ಕೆದಕುವುದಿಲ್ಲ. ಎಲ್ಲರೂ ಮೆಚ್ಚಿಕೊಳ್ಳುವ ಮರದ ಮೇಲಿನ ಹಕ್ಕಿಯ ಪ್ರಸಂಗವನ್ನೇ ನೋಡೋಣ. ಏನು ಕಾಣುತ್ತಿದೆಯೆಂದು ದ್ರೋಣನು ಧರ್ಮರಾಯನನ್ನು ಕೇಳುತ್ತಾನೆ. ಮರ ಕಾಣುತ್ತದೆ, ನೀವು ಕಾಣುತ್ತೀರಿ, ತಮ್ಮಂದಿರು ಕಾಣುತ್ತಾರೆ, ಹಕ್ಕಿಯೂ ಕಾಣುತ್ತದೆ ಎಂದು ಆತನು ಸತ್ಯವನ್ನೇ ನುಡಿಯುತ್ತಾನೆ. ಗುರು ಗದರಿ ಆತನನ್ನು ಪಕ್ಕಕ್ಕೆ ಸರಿಸುತ್ತಾನೆ. ಒಬ್ಬರಾದ ಮೇಲೊಬ್ಬರಿಗೆ ಇದೇ ಗತಿ. ಕಡೆಗೆ ಅರ್ಜುನನೊಬ್ಬನು ಹಕ್ಕಿಯ ತಲೆಯೊಂದೇ ಕಾಣುತ್ತದೆಯೆಂದಾಗ ಗುರುವಿಗೆ ಪುಲಕವಾಗುತ್ತದೆ. ಏಕಾಗ್ರತೆಗೆ ಇದನ್ನು ದೃಷ್ಟಾಂತವಾಗಿ ಹೇಳುತ್ತಾರೆ, ಹೇಳಲಿ. ಆದರೆ ಅಲ್ಲಿ ನಡೆದದ್ದು ಪರೀಕ್ಷೆಯೇ ಹೊರತು ಪಾಠವಲ್ಲ. ಬರುತ್ತಿದ್ದವನಿಗೆ ಬರುತ್ತದೆಯೆಂದು ಗೊತ್ತಾಯಿತು, ಬಾರದವರಿಗೆ ಬಾರದೆಂದು ಗೊತ್ತಾಯಿತು. ಮರವನ್ನೂ ತಮ್ಮಂದಿರನ್ನೂ ಬಿಟ್ಟು ದೃಷ್ಟಿಯನ್ನು ಹಕ್ಕಿಯಲ್ಲಿ ನಿಲ್ಲಿಸುವುದು ಹೇಗೆಂದು ಧರ್ಮರಾಯನಿಗೆ ಹೇಳಿಕೊಟ್ಟವರು ಯಾರು? ನಮ್ಮ ಶಾಲೆಗಳಲ್ಲಿ ಇಂದಿಗೂ ನಡೆಯುತ್ತಿರುವುದು ಬಹುಪಾಲು ಇದೇ. ಮನೆಯಲ್ಲಿಯೇ ಅರ್ಧ ಕಲಿತು ಬಂದ ನಾಲ್ಕು ಮಕ್ಕಳಿಂದ ಉತ್ತರ ಪಡೆದು ಹಿಗ್ಗಿ, ಮಿಕ್ಕ ಮೂವತ್ತಾರು ಮಕ್ಕಳನ್ನು ಪಕ್ಕಕ್ಕೆ ಸರಿಸಿ, ಫಲಿತಾಂಶ ಬಂದ ದಿನ ಆ ನಾಲ್ವರ ಭಾವಚಿತ್ರವನ್ನು ಶಾಲೆಯ ಮುಂದಿನ ಫ್ಲೆಕ್ಸಿನಲ್ಲಿ ಹಾಕಿಸುವ ಸಂಸ್ಥೆಗಳು ದ್ರೋಣಾಚಾರ್ಯರ ಖಾಸಾ ಪರಂಪರೆಯವು.

ಹಾಗಾದರೆ ಉಪಾಧ್ಯಾಯನ ಅಸಾಧಾರಣ ಧರ್ಮ ಯಾವುದು? ಮಗುವಿನ ತಪ್ಪಿನಲ್ಲಿ ಆತನಿಗಿರುವ ಕುತೂಹಲ ಎಂದು ನನ್ನ ಉತ್ತರ. ಇದು ಕೇಳುವುದಕ್ಕೆ ಅಲ್ಪವಾಗಿ ತೋರಬಹುದು. ಆದುದರಿಂದ ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ.

ಮೂರನೆಯ ತರಗತಿಯ ಒಬ್ಬ ಹುಡುಗಿಯ ಸ್ಲೇಟನ್ನು ಕೈಗೆ ತೆಗೆದುಕೊಳ್ಳಿ. 48ರಲ್ಲಿ 25 ಕಳೆದು 23 ಎಂದು ಬರೆದಿದ್ದಾಳೆ, ಸರಿ. 67ರಲ್ಲಿ 31 ಕಳೆದು 36, ಅದೂ ಸರಿ. 74ರಲ್ಲಿ 38 ಕಳೆದು 44 ಎಂದು ಬರೆದಿದ್ದಾಳೆ, ತಪ್ಪು. 52ರಲ್ಲಿ 27 ಕಳೆದು 35, ಮತ್ತೆ ತಪ್ಪು. ಸಿಡುಕಿನ ಮೇಷ್ಟರು “ಗಮನ ಎಲ್ಲಿಟ್ಟಿದ್ದೀಯೆ?” ಎಂದು ಕಿವಿ ಹಿಂಡುತ್ತಾರೆ. ವಾತ್ಸಲ್ಯಮಯಿಯಾದ ಮೇಷ್ಟರು ತಲೆ ಸವರಿ, “ಪರವಾಗಿಲ್ಲ ಪುಟ್ಟಿ, ಇನ್ನೊಂದು ಸಲ ಮಾಡು” ಎನ್ನುತ್ತಾರೆ. ಇಬ್ಬರಲ್ಲಿ ಎರಡನೆಯವರು ಸಜ್ಜನರೆಂಬುದರಲ್ಲಿ ಸಂದೇಹವಿಲ್ಲ. ಆದರೆ ಇನ್ನೊಂದು ಸಲ ಮಾಡಿದರೂ ಹುಡುಗಿ 44 ಎಂದೇ ಬರೆಯುತ್ತಾಳೆ. ಏಕೆಂದರೆ ಅವಳು ಅಲಕ್ಷ್ಯದಿಂದ ತಪ್ಪಿದವಳಲ್ಲ, ಒಂದು ನಿಯಮವನ್ನು ನಿಷ್ಠೆಯಿಂದ ಪಾಲಿಸಿ ತಪ್ಪಿದವಳು. ಬಿಡಿಯ ಸ್ಥಾನದಲ್ಲಿ ಮೇಲೆ 4, ಕೆಳಗೆ 8 ಇದೆ. ಚಿಕ್ಕದರಲ್ಲಿ ದೊಡ್ಡದನ್ನು ಕಳೆಯಲಾಗದೆಂದು ಎರಡನೆಯ ತರಗತಿಯಲ್ಲಿ ಅವಳಿಗೆ ಹೇಳಿಕೊಟ್ಟಿದ್ದಾರೆ. ಆದುದರಿಂದ ಅವಳು ದೊಡ್ಡದಾದ 8ರಲ್ಲಿ ಚಿಕ್ಕದಾದ 4ನ್ನು ಕಳೆದಳು. 7ರಲ್ಲಿ 3 ಹೋದರೆ 4. ಉತ್ತರ 44. ಅವಳ ತರ್ಕದಲ್ಲಿ ಕುಂದಿಲ್ಲ. ಮೇಲಿನ ಅಂಕೆಯೂ ಕೆಳಗಿನ ಅಂಕೆಯೂ ಬೇರೆ ಬೇರೆ ಸಂಖ್ಯೆಗಳ ಭಾಗಗಳೆಂಬುದು, 74ರಲ್ಲಿ ಏಳು ಹತ್ತುಗಳು ಅಡಗಿವೆಯೆಂಬುದು ಮಾತ್ರ ಅವಳಿಗೆ ಇನ್ನೂ ಕಂಡಿಲ್ಲ. ಇದನ್ನು ಗುರುತಿಸಿದ ಉಪಾಧ್ಯಾಯನು ಹತ್ತು ಹತ್ತು ಕಡ್ಡಿಗಳ ಏಳು ಕಟ್ಟನ್ನೂ ನಾಲ್ಕು ಬಿಡಿ ಕಡ್ಡಿಯನ್ನೂ ಅವಳ ಮುಂದಿಟ್ಟು, ಮೂವತ್ತೆಂಟು ಕೊಡು ಎಂದು ಕೇಳುತ್ತಾನೆ. ಮೂರು ಕಟ್ಟು ಕೊಡುತ್ತಾಳೆ. ಎಂಟು ಬಿಡಿ ಕೊಡಹೋಗಿ ನಾಲ್ಕೇ ಇರುವುದನ್ನು ಕಂಡು ನಿಲ್ಲುತ್ತಾಳೆ. ಆ ನಿಲ್ಲುವಿಕೆಯೇ ಪಾಠದ ಪ್ರಾಣ. ಅವಳು ತಾನಾಗಿ ಒಂದು ಕಟ್ಟಿನ ದಾರವನ್ನು ಬಿಚ್ಚುವವರೆಗೆ ಬಾಯಿ ಹಾಕದಿರುವುದು ಆತನ ವಿದ್ಯೆ.

ಇದಕ್ಕೆ ಬೇಕಾದದ್ದು ಏನು? ವ್ಯವಕಲನವು ಎಲ್ಲಿ ಎಡವಿಸುತ್ತದೆಯೆಂಬ ತಿಳಿವಳಿಕೆ. ತಪ್ಪಿಗೆ ಕಾರಣವಿದ್ದೇ ಇರುತ್ತದೆಂಬ ವಿಶ್ವಾಸ. ಆ ಕಾರಣವನ್ನು ಪತ್ತೆಹಚ್ಚುವುದರಲ್ಲಿ ಒಂದು ಬಗೆಯ ರುಚಿ. ಈ ಮೂರೂ ಇದ್ದಲ್ಲಿ ಸಹನೆ ತಾನಾಗಿ ಬರುತ್ತದೆ, ಏಕೆಂದರೆ ಕುತೂಹಲಿಗೆ ಬೇಸರವಾಗುವುದಿಲ್ಲ. ಸಹನೆಯೊಂದೇ ಇದ್ದಲ್ಲಿ ಈ ಮೂರೂ ಬರುವುದಿಲ್ಲ.

ಭಾಷೆಯ ಪಾಠದಲ್ಲಿಯೂ ಹೀಗೆಯೇ. ಹಳೆಯ ಮೈಸೂರಿನ ಕಡೆ ಎಷ್ಟೋ ಮನೆಗಳಲ್ಲಿ ಹಾಲನ್ನು ‘ಆಲು’ ಎಂದೂ ಹಣವನ್ನು ‘ಅಣ’ವೆಂದೂ ನುಡಿಯುತ್ತಾರೆ. ಅಂಥ ಮನೆಯ ಹುಡುಗ ಶಾಲೆಗೆ ಬಂದು, ಪುಸ್ತಕದ ಭಾಷೆಯಲ್ಲಿ ತನ್ನ ಮನೆಯಲ್ಲಿಲ್ಲದ ಒಂದು ಹಕಾರವುಂಟೆಂದು ಗ್ರಹಿಸಿ, ಅದು ಎಲ್ಲೆಲ್ಲಿ ಬರುತ್ತದೆಂಬುದು ಖಚಿತವಾಗದೆ, ಎಚ್ಚರಿಕೆಗೆಂದು ‘ಆನೆ’ಯನ್ನು ‘ಹಾನೆ’ ಎಂದು ಬರೆಯುತ್ತಾನೆ. ತರಗತಿಯೆಲ್ಲ ನಗುತ್ತದೆ, ಮೇಷ್ಟರೂ ನಗುತ್ತಾರೆ, “ನಿನ್ನ ನಾಲಗೆ ಹೊರಳುವುದು ಯಾವ ಜನ್ಮಕ್ಕೋ” ಎನ್ನುತ್ತಾರೆ. ಆ ನಗೆಯಲ್ಲಿ ಜಾತಿಯ, ಊರಿನ, ಅಂತಸ್ತಿನ ಎಷ್ಟು ಹಳೆಯ ತಾತ್ಸಾರ ಬೆರೆತಿದೆಯೆಂಬುದು ನಕ್ಕವರಿಗೆ ತಿಳಿಯದಿದ್ದರೂ ನಗೆಗೀಡಾದವನಿಗೆ ತಿಳಿಯುತ್ತದೆ. ಅವನು ಮುಂದೆ ತರಗತಿಯಲ್ಲಿ ಬಾಯಿ ತೆರೆಯುವುದಿಲ್ಲ. ಆ ‘ಹಾನೆ’ಯಲ್ಲಿ ಅವನ ಬುದ್ಧಿಯ ಚುರುಕೇ ಕೆಲಸಮಾಡಿದೆಯೆಂದು ಕಾಣಬಲ್ಲವನು ಮಾತ್ರ ಅವನಿಗೆ ಕನ್ನಡ ಕಲಿಸಬಲ್ಲನು. ನಕ್ಕ ಆ ಮೇಷ್ಟರು ಸಭೆಯಲ್ಲಿ ಎಷ್ಟೇ ಆದರ್ಶಪುರುಷರೆನ್ನಿಸಿಕೊಂಡಿರಲಿ, ಖಾದಿಯನ್ನೇ ಉಡಲಿ, ಬೀಡಿಯನ್ನೇ ಸೇದದಿರಲಿ, ಆ ಹುಡುಗನ ಪಾಲಿಗೆ ಇದ್ದೂ ಇಲ್ಲದವರು.

ಗುಣಗಳ ಮಾತಾಯಿತು, ಇನ್ನು ಶ್ರದ್ಧೆಯ ಮಾತು. ಉಪಾಧ್ಯಾಯನಿಗೆ ಇರಲೇಬೇಕಾದ ಶ್ರದ್ಧೆ ಒಂದುಂಟು: ಎದುರಿಗೆ ಕುಳಿತಿರುವ ಮಗು ಕಲಿಯಬಲ್ಲದು ಎಂಬುದು. ಎಲ್ಲರೂ ಇದನ್ನು ಬಾಯಲ್ಲಿ ಒಪ್ಪುತ್ತಾರೆ. ಶಿಕ್ಷಕರ ಕೊಠಡಿಯಲ್ಲಿ ಚಹ ಕುಡಿಯುತ್ತ “ಅವನ ತಲೆಗೆ ಹತ್ತುವುದಿಲ್ಲ ಬಿಡಿ”, “ಅವರ ಮನೆಯಲ್ಲಿ ಯಾರು ಓದಿದ್ದಾರೆ, ಇವಳು ಓದುವುದಕ್ಕೆ?” ಎಂದು ಆಡುವಾಗ ನಿಜವಾದ ಶ್ರದ್ಧೆ ಹೊರಬೀಳುತ್ತದೆ. ಮಂಗಳೂರಿನಲ್ಲಿ 1892ರಲ್ಲಿ ಅಸ್ಪೃಶ್ಯರೆನಿಸಿಕೊಂಡ ಮಕ್ಕಳಿಗಾಗಿ ಶಾಲೆ ತೆರೆದ ಕುದ್ಮುಲ್ ರಂಗರಾಯರು ತಮ್ಮ ಶಾಲೆಯಲ್ಲಿ ಓದಿದ ಮಗು ದೊಡ್ಡ ಅಧಿಕಾರಿಯಾಗಿ ಮೋಟಾರಿನಲ್ಲಿ ಓಡಾಡಬೇಕು, ಆ ಮೋಟಾರಿನ ಧೂಳು ತಮ್ಮ ತಲೆಗೆ ತಾಗಿದರೆ ಜನ್ಮ ಸಾರ್ಥಕವೆಂದು ಆಶಿಸಿದ್ದು ಪ್ರಸಿದ್ಧವಾಗಿದೆ. ಅದನ್ನು ನಾವು ವಿನಯಕ್ಕೆ ಉದಾಹರಣೆಯಾಗಿ ಉದ್ಧರಿಸುತ್ತೇವೆ. ಅದರಲ್ಲಿ ವಿನಯಕ್ಕಿಂತ ಮಿಗಿಲಾದ ಸಂಗತಿಯೊಂದಿದೆ: ಬೀದಿಯಲ್ಲಿ ನಡೆಯುವುದಕ್ಕೂ ಸಮಾಜ ಆಸ್ಪದ ಕೊಡದಿದ್ದ ಮಗುವಿನ ವಿಷಯದಲ್ಲಿ ಅವರು ಮಾಡಿದ್ದ ನಿಷ್ಕೃಷ್ಟವಾದ ಅಂದಾಜು. ಆ ಮಗು ಅಕ್ಷರ ಕಲಿತರೆ ಸಾಕೆಂದು ಅವರು ಕನಿಕರಪಡಲಿಲ್ಲ, ಅಧಿಕಾರಿಯಾದೀತೆಂದು ಲೆಕ್ಕಹಾಕಿದರು. ಕನಿಕರವು ಮಗುವಿಗೆ ಸುಲಭವಾದ ಪಾಠವನ್ನು ಕೊಟ್ಟು ಸುಮ್ಮನಾಗುತ್ತದೆ. ನಂಬಿಕೆ ಕಷ್ಟವಾದುದನ್ನೂ ಕೊಡುತ್ತದೆ.

ಇಲ್ಲಿ ಪ್ರತಿಪಕ್ಷದವರು ಒಂದು ವಾದವನ್ನು ಎತ್ತುತ್ತಾರೆ: ಒಳ್ಳೆಯ ಉಪಾಧ್ಯಾಯರು ಹುಟ್ಟಿನಿಂದಲೇ ಆಗಿರುತ್ತಾರೆ, ತರಬೇತಿಯಿಂದ ಆಗುವುದಿಲ್ಲ. ಈ ವಾದದಷ್ಟು ಸೋಮಾರಿಯಾದುದು ಇನ್ನೊಂದಿಲ್ಲ. ಸಾವಿತ್ರಿಬಾಯಿ ಫುಲೆಯವರ ಕಥೆಯನ್ನು ನಾವು ಹೇಳುವ ರೀತಿಯನ್ನೇ ಗಮನಿಸಿ. 1848ರಲ್ಲಿ ಪುಣೆಯಲ್ಲಿ ಹುಡುಗಿಯರ ಶಾಲೆಗೆ ಪಾಠಹೇಳಲು ಹೋಗುತ್ತಿದ್ದಾಗ ಜನ ಅವರ ಮೇಲೆ ಸೆಗಣಿ ಎರಚಿದ್ದು, ಅವರು ಬದಲಾಯಿಸಲೆಂದು ಇನ್ನೊಂದು ಸೀರೆಯನ್ನು ಜೊತೆಯಲ್ಲಿ ಒಯ್ಯುತ್ತಿದ್ದುದು ಮಕ್ಕಳಿಗೂ ಗೊತ್ತು. ಅವರು ಅಹಮದನಗರದ ಮಿಷನರಿ ಸಂಸ್ಥೆಯಲ್ಲಿ ಉಪಾಧ್ಯಾಯ ವೃತ್ತಿಯ ಶಿಕ್ಷಣ ಪಡೆದವರೆಂಬುದು ಎಷ್ಟು ಜನಕ್ಕೆ ಗೊತ್ತು? ಸೆಗಣಿಯನ್ನು ನೆನಪಿಟ್ಟುಕೊಂಡೆವು, ತರಬೇತಿಯನ್ನು ಮರೆತೆವು. ಏಕೆಂದರೆ ಸೆಗಣಿಯ ಕಥೆ ನಮ್ಮ ಕಣ್ಣಲ್ಲಿ ನೀರು ತರಿಸುತ್ತದೆ, ತರಬೇತಿಯ ಕಥೆ ನಮ್ಮಿಂದ ಹಣ ಕೇಳುತ್ತದೆ. ರಾಧಾಕೃಷ್ಣನ್ ಅವರ ಹೆಸರಿನ ಶಿಕ್ಷಕರ ದಿನದಂದೂ ನಡೆಯುವುದು ಇದೇ. 1918ರಿಂದ 1921ರವರೆಗೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿದ್ದ ಅವರು ಕಲ್ಕತ್ತೆಗೆ ಹೊರಟಾಗ ವಿದ್ಯಾರ್ಥಿಗಳು ಕುದುರೆ ಬಿಚ್ಚಿ ತಾವೇ ಸಾರೋಟನ್ನು ರೈಲು ನಿಲ್ದಾಣದವರೆಗೆ ಎಳೆದರೆಂದು ವರ್ಷವರ್ಷವೂ ಹೇಳುತ್ತೇವೆ. ಆ ಮೂರು ವರ್ಷಗಳಲ್ಲಿಯೇ, 1920ರಲ್ಲಿ, ಸಮಕಾಲೀನ ತತ್ತ್ವಶಾಸ್ತ್ರದಲ್ಲಿ ಮತಧರ್ಮದ ಪ್ರಭಾವವನ್ನು ಕುರಿತ ಅವರ ಗ್ರಂಥ ಹೊರಬಂತೆಂಬುದನ್ನು ಯಾವ ಭಾಷಣದಲ್ಲಿಯೂ ನಾನು ಕೇಳಿಲ್ಲ. ಅದೇ ಕಾಲೇಜಿನ ಪ್ರಾಧ್ಯಾಪಕ ಹಿರಿಯಣ್ಣನವರು ಮೈಸೂರಿನಲ್ಲಿ ವರ್ಷಾನುಗಟ್ಟಲೆ ಹೇಳಿದ ಪಾಠಗಳ ಆಧಾರದಿಂದ ಭಾರತೀಯ ತತ್ತ್ವಶಾಸ್ತ್ರದ ರೂಪರೇಖೆಗಳೆಂಬ ಗ್ರಂಥವನ್ನು ಬರೆದರು; ಅದು 1932ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಇಂದಿಗೂ ವಿದ್ಯಾರ್ಥಿಗಳು ಅದನ್ನು ಬಿಟ್ಟಿಲ್ಲ. ಅಲಂಕಾರವಿಲ್ಲದ, ಒಂದು ಪದ ಹೆಚ್ಚಿಲ್ಲದ ಆ ಗದ್ಯವನ್ನು ಓದಿದವರಿಗೆ, ಎಷ್ಟು ಸಲ ಹೇಳಿ, ಎಷ್ಟು ಸಲ ತಿದ್ದಿಕೊಂಡು, ಯಾವ ಯಾವ ವಿದ್ಯಾರ್ಥಿಯ ಸಂದೇಹವನ್ನು ನೆನೆದು ಆ ತಿಳಿಯನ್ನು ಸಾಧಿಸಿರಬೇಕೆಂಬ ಊಹೆ ತಾನಾಗಿ ಹುಟ್ಟುತ್ತದೆ.

ತೀರ ಈಚಿನ, ತೀರ ಸಾಮಾನ್ಯ ಮನುಷ್ಯರ ನಿದರ್ಶನವೂ ಉಂಟು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರಕಾರಿ ಶಾಲೆಗಳ ಕೆಲವು ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮೀಣ ಶಾಲೆಗಳಲ್ಲಿ ಮಕ್ಕಳು ತಮ್ಮ ತಮ್ಮ ವೇಗದಲ್ಲಿ ಕಾರ್ಡುಗಳನ್ನು ಹಿಡಿದು ಕಲಿಯುವುದನ್ನು ಕಂಡು ಬಂದು, ಯುನಿಸೆಫ್ ನೆರವಿನಿಂದ ಕನ್ನಡಕ್ಕೆ ತಕ್ಕ ಕಾರ್ಡುಗಳನ್ನೂ ಹಾಡುಗಳನ್ನೂ ಕಲಿಕೆಯ ಮೆಟ್ಟಿಲುಗಳನ್ನೂ ತಾವೇ ಕುಳಿತು ರಚಿಸಿದರು. ನಲಿಕಲಿ ಪದ್ಧತಿ ಹುಟ್ಟಿದ್ದು ಹಾಗೆ. ಅವರೇನೂ ಹುಟ್ಟು ಆಚಾರ್ಯರಾಗಿರಲಿಲ್ಲ. ಸಂಬಳ, ವರ್ಗಾವಣೆ, ಮಗಳ ಮದುವೆಗಳ ಚಿಂತೆಯಿದ್ದ ಗೃಹಸ್ಥರು. ಒಬ್ಬರ ತರಗತಿಯನ್ನು ಇನ್ನೊಬ್ಬರು ನೋಡಿ, ಕೇಳಿ, ಚರ್ಚಿಸುವ ಅವಕಾಶ ದೊರೆತದ್ದೇ ತಡ, ಅವರು ಬದಲಾದರು. ಮುಂದೆ ಅದೇ ಪದ್ಧತಿ ರಾಜ್ಯಕ್ಕೆಲ್ಲ ಆಜ್ಞೆಯ ರೂಪದಲ್ಲಿ ಇಳಿದಾಗ ಮೊದಲಿನ ಹುರುಪು ಎಲ್ಲೆಡೆಯೂ ಉಳಿಯಲಿಲ್ಲ. ಸ್ವತಃ ಕಂಡುಹಿಡಿದವನ ಕುತೂಹಲವನ್ನು ಸುತ್ತೋಲೆಯಲ್ಲಿ ಲಗತ್ತಿಸಿ ಕಳಿಸಲಾಗುವುದಿಲ್ಲವಷ್ಟೆ.

ಪ್ರತಿಪಕ್ಷದ ಅತ್ಯಂತ ಬಲವಾದ ಆಕ್ಷೇಪ ಇನ್ನೂ ಉಳಿದಿದೆ. ನಮಗೆ ನೆನಪಿರುವುದು ಮೇಷ್ಟರು ಹೇಳಿದ ಪಾಠವಲ್ಲ, ಅವರು ತೋರಿದ ಪ್ರೀತಿ ಎಂದು ಅವರು ಹೇಳುತ್ತಾರೆ. ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು 1939ರಲ್ಲಿಯೇ ತೀರಿಕೊಂಡಿದ್ದ ತಮ್ಮ ಗುರು ವೆಂಕಣ್ಣಯ್ಯನವರಿಗೆ ಅರ್ಪಿಸಿದುದನ್ನು ಎತ್ತಿ ತೋರಿಸುತ್ತಾರೆ. ನೆನಪಿನ ವಿಷಯದಲ್ಲಿ ಅವರು ಹೇಳುವುದು ನಿಜವೇ. ಓದಲು ಕಲಿತದ್ದು ಹೇಗೆಂದು ಯಾರಿಗೂ ನೆನಪಿರುವುದಿಲ್ಲ. ಚೆನ್ನಾಗಿ ಕಲಿಸಿದ ವಿದ್ಯೆ ನಮ್ಮ ಮೈಯಲ್ಲಿ ಸೇರಿಹೋಗಿ ತನ್ನ ಮೂಲವನ್ನೇ ಅಳಿಸಿಬಿಡುತ್ತದೆ. ಸ್ಮರಣೆಯಲ್ಲಿ ನಿಂತದ್ದೇ ಉಪಕಾರದ ಅಳತೆಯೆಂದು ತಿಳಿದರೆ ಕಾಗುಣಿತ ಕಲಿಸಿದವರಿಗೆ ನಾವು ಮಾಡಿದ ಅನ್ಯಾಯಕ್ಕೆ ಕೊನೆಯಿರುವುದಿಲ್ಲ. ಇನ್ನು ವೆಂಕಣ್ಣಯ್ಯನವರ ವಾತ್ಸಲ್ಯ ಪ್ರಖ್ಯಾತವಾದುದೇ. ಆದರೆ ಅದು ಕನ್ನಡ ಕಾವ್ಯವನ್ನು ಆಮೂಲಾಗ್ರವಾಗಿ ಬಲ್ಲ ಪ್ರಾಧ್ಯಾಪಕನೊಬ್ಬನು ಶಿಷ್ಯನ ಕಾವ್ಯದಲ್ಲಿಟ್ಟ ಆಸಕ್ತಿಯ ರೂಪದಲ್ಲಿ ಹರಿದ ವಾತ್ಸಲ್ಯ. ಕಾವ್ಯದ ಗಂಧವಿಲ್ಲದ ಒಬ್ಬ ಸಾಧುಪುರುಷನು ಅಷ್ಟೇ ಪ್ರೀತಿಯನ್ನು ತೋರಿದ್ದರೆ ಕವಿ ಆತನಿಗೆ ನಮಸ್ಕಾರ ಮಾಡುತ್ತಿದ್ದನು, ಮಹಾಕಾವ್ಯವನ್ನು ಅರ್ಪಿಸುತ್ತಿರಲಿಲ್ಲ. ಮಕ್ಕಳೂ ಈ ವ್ಯತ್ಯಾಸವನ್ನು ಚೆನ್ನಾಗಿ ಬಲ್ಲರು. ತನ್ನ ಪುಸ್ತಕವನ್ನು ಮೇಷ್ಟರು ಓದಿದರೋ ಅಥವಾ ಓದದೆಯೇ ಕೊನೆಯಲ್ಲಿ ಕೆಂಪು ಶಾಯಿಯ ರುಜು ಹಾಕಿದರೋ ಎಂಬುದನ್ನು ಎಂಟು ವರ್ಷದ ಮಗು ಒಂದೇ ನೋಟದಲ್ಲಿ ಕಂಡುಕೊಳ್ಳುತ್ತದೆ.

ದೈವತ್ವದಿಂದ ಆಗುವ ಹಾನಿಯಲ್ಲಿ ಬೆತ್ತದ ಪಾಲೂ ಇದೆ. ಹಳೆಯ ಕೂಲಿಮಠಗಳಲ್ಲಿ ಹುಡುಗನ ಕೈಗಳನ್ನು ತೊಲೆಯ ಹಗ್ಗಕ್ಕೆ ಹಿಡಿಸಿ ತೂಗುಬಿಡುವ ಕೋದಂಡವೆಂಬ ಶಿಕ್ಷೆಯನ್ನು ಅಲ್ಲಿನ ಮೇಷ್ಟರಾದ ಐಗಳು ಕೊಟ್ಟಾಗ, ತಂದೆ ಅದಕ್ಕೆ ಆಕ್ಷೇಪಿಸದೆ “ಕಣ್ಣೆರಡು ಬಿಟ್ಟು ಮಿಕ್ಕದ್ದೆಲ್ಲ ನಿಮ್ಮದು” ಎನ್ನುತ್ತಿದ್ದನಂತೆ. ದೇವರು ಕೊಟ್ಟ ಕಷ್ಟವನ್ನು ಪ್ರಶ್ನಿಸುವವರುಂಟೆ? 2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಪ್ರಕರಣ ಹೊಡೆತವನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದ ಮೇಲೂ ‘ದಂಡಂ ದಶಗುಣಂ’ ಎಂದು ನಿಟ್ಟುಸಿರಿಡುವವರು ಕಡಮೆಯಾಗಿಲ್ಲ. ಅವರು ಅಲ್ಲಮಪ್ರಭುವನ್ನೂ ಸಾಕ್ಷಿಗೆ ಕರೆಯುತ್ತಾರೆ: ಕೃತಯುಗದಲ್ಲಿ ಬಡಿದು, ತ್ರೇತೆಯಲ್ಲಿ ಬೈದು, ದ್ವಾಪರದಲ್ಲಿ ಗದರಿಸಿ ಕಲಿಸುತ್ತಿದ್ದ ಗುರು ಕಲಿಯುಗದಲ್ಲಿ ಶಿಷ್ಯನಿಗೆ ವಂದಿಸಿ ಕಲಿಸಬೇಕಾಯಿತೆಂಬ ವಚನದಲ್ಲಿ ಅವರಿಗೆ ಕಾಣುವುದು ಅವನತಿಯ ಶೋಕ. ಪ್ರಭುವಿನ ಮಾತಿನಲ್ಲಿ ವ್ಯಂಗ್ಯವಿಲ್ಲವೆಂದು ನಾನೂ ಹೇಳಲಾರೆ. ಆದರೆ ನಾಲ್ಕು ಯುಗಗಳಲ್ಲಿ ಬದಲಾದದ್ದು ಕಲಿಸುವ ವಿಧಾನ; ಕಲಿಸುವ ಕೆಲಸ ನಾಲ್ಕರಲ್ಲಿಯೂ ತಪ್ಪಿಲ್ಲ. ವಂದಿಸಿದರೆ ಮಗು ಕಲಿಯುವುದಾದರೆ ವಂದಿಸುವುದಕ್ಕೇನು?

ಹಾನಿಯ ಇನ್ನೊಂದು ಮುಖ ಉಪಾಧ್ಯಾಯನ ಕಡೆಗೇ ತಿರುಗಿದೆ. ತಪಸ್ವಿಗೆ ಸಂಬಳವೇಕೆ ಎಂಬ ಪ್ರಶ್ನೆ ತಪಸ್ಸಿನ ಮಾತಿನ ಹಿಂದೆಯೇ ಬರುತ್ತದೆ. ಖಾಯಂ ಶಿಕ್ಷಕನು ಮಾಡುವ ಕೆಲಸವನ್ನೇ ಅದರ ಒಂದು ಅಂಶದಷ್ಟು ಗೌರವಧನಕ್ಕೆ, ಅದೂ ಶಾಲೆ ನಡೆಯುವ ತಿಂಗಳುಗಳಿಗೆ ಮಾತ್ರ, ಅತಿಥಿ ಶಿಕ್ಷಕರಿಂದ ಮಾಡಿಸಿಕೊಳ್ಳುವ ವ್ಯವಸ್ಥೆ ನಮ್ಮ ಮನಸ್ಸನ್ನು ಕಲಕದಿರುವುದಕ್ಕೆ ಈ ಸ್ತುತಿಪಾಠವೂ ಒಂದು ಕಾರಣ. ಸರಕಾರದ ಸ್ಯಾಟ್ಸ್ ಜಾಲತಾಣದಲ್ಲಿ ಮಕ್ಕಳ ಮಾಹಿತಿ ತುಂಬುವುದು, ಮೊಟ್ಟೆ ಬಾಳೆಹಣ್ಣುಗಳ ಲೆಕ್ಕ ಬರೆಯುವುದು, ಮತದಾರರ ಪಟ್ಟಿ ಹಿಡಿದು ಬೀದಿ ಅಲೆಯುವುದು, ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿ ಸಂಜೆಯೊಳಗೆ ಬೇಕೆಂದು ಮಧ್ಯಾಹ್ನ ಕೇಳಿದ ನಮೂನೆಯನ್ನು ಭರ್ತಿಮಾಡುವುದು, ಇವೆಲ್ಲವನ್ನೂ ‘ಸೇವಾಮನೋಭಾವ’ದ ಹೆಸರಿನಲ್ಲಿ ಹೊರಿಸಬಹುದು; ದೇವರಿಗೆ ದಣಿವಿಲ್ಲವಲ್ಲ. ಅದೇ ಕಾಯಿದೆಯ 27ನೆಯ ಪ್ರಕರಣ ಜನಗಣತಿ, ವಿಪತ್ತು ಪರಿಹಾರ, ಚುನಾವಣೆಗಳ ಹೊರತು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಎಳೆಯಕೂಡದೆನ್ನುತ್ತದೆ. ಆ ಮೂರು ವಿನಾಯಿತಿಗಳ ಬಾಗಿಲಿನಿಂದಲೇ ಎಷ್ಟು ದಿನಗಳು ಹೊರಗೆ ಹೋಗುತ್ತವೆಂಬುದನ್ನು ಯಾವ ಹಳ್ಳಿಯ ಮೇಷ್ಟರಾದರೂ ಹೇಳಬಲ್ಲರು.

ಉಪಾಧ್ಯಾಯನು ದೇವರಲ್ಲ, ಒಂದು ಕಠಿಣವಾದ ವಿದ್ಯೆಯನ್ನು ಬಲ್ಲ ಕೆಲಸಗಾರನೆಂದು ಒಪ್ಪಿದೆವಾದರೆ ನಾವು ಆತನಿಂದ ಕೇಳತಕ್ಕುದೂ ಆತನಿಗೆ ಕೊಡತಕ್ಕುದೂ ಎರಡೂ ಬದಲಾಗುತ್ತವೆ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕಾಂಪೌಂಡು ಗೋಡೆಯ ಬಣ್ಣವನ್ನು ಚರ್ಚಿಸುವುದರ ಬದಲು, ನಮ್ಮ ಮಗಳು ಕಳೆಯುವ ಲೆಕ್ಕದಲ್ಲಿ ಎಲ್ಲಿ ಎಡವುತ್ತಿದ್ದಾಳೆ ಎಂದು ತಾಯಿ ಕೇಳಬಹುದು, ಮೇಷ್ಟರು ಅದಕ್ಕೆ ಉತ್ತರ ಹೇಳಲೇಬೇಕಾಗುತ್ತದೆ. ಉತ್ತರ ಹೇಳಬೇಕಾದರೆ ಆತನು ಪುಸ್ತಕಗಳನ್ನು ನೋಡಿರಬೇಕು. ಕಾಯಿದೆಯ ಪ್ರಕಾರ ಪ್ರಾಥಮಿಕ ಶಾಲೆಯಲ್ಲಿ ಒಬ್ಬ ಶಿಕ್ಷಕನಿಗೆ ಮೂವತ್ತು ಮಕ್ಕಳು. ಒಂದೊಂದು ಪುಸ್ತಕಕ್ಕೆ ಎರಡೇ ನಿಮಿಷವೆಂದರೂ ದಿನಕ್ಕೊಂದು ಗಂಟೆ ಬೇಕು. ಅದೇ ಕಾಯಿದೆಯ ಅನುಸೂಚಿ ವಾರಕ್ಕೆ ನಲವತ್ತೈದು ಗಂಟೆಯ ಕೆಲಸವನ್ನು ವಿಧಿಸಿ, ಪಾಠದ ಸಿದ್ಧತೆಯ ಕಾಲವೂ ಅದರಲ್ಲಿಯೇ ಸೇರಿದೆಯೆಂದು ಬಾಯಿಬಿಟ್ಟು ಹೇಳಿದೆ. ಆ ಒಂದು ಗಂಟೆ ನಿಮ್ಮೂರಿನ ಶಾಲೆಯ ವೇಳಾಪಟ್ಟಿಯಲ್ಲಿ ಎಲ್ಲಿದೆಯೆಂದು ಹೋಗಿ ನೋಡಿ. ಇಲ್ಲದಿದ್ದರೆ ಅದನ್ನು ತೆಗೆದುಕೊಂಡವರು ಯಾರೆಂದು ಬಿಇಒ ಅವರನ್ನು ಲಿಖಿತವಾಗಿ ಕೇಳಿ.